ಪುಟ್ಟರಾಯನ ಉಗುರು

"ಮ್ಯಾಂವ್!" ಅನ್ನೋ ಚೀತ್ಕಾರ ಕೇಳಿದ್ದೇ ತಡ, ಹೊಲಿಗೆ ಮಿಷನ್ ತುಳಿಯುತ್ತಿದ್ದ ಟೈಲರಮ್ಮನ ಕಾಲು ಗಕ್ಕನೆ ನಿಂತಿತು. ಕಿಟಕಿಯ ಪರದೆ ಹತ್ತಿದ್ದ ಅವಳ ಬೆಕ್ಕು ಪುಟ್ಟರಾಯ, ಮುಂಗಾಲಿನ ಉಗುರು ಎಳೆಗೆ ಸಿಕ್ಕಿಕೊಂಡು ಜೋತಾಡುತ್ತಿದ್ದ. ಅವಳು ಓಡಿ ಹೋಗಿ, ಒಂದು ಕೈಯಲ್ಲಿ ಅವನನ್ನು ಎತ್ತಿ ಹಿಡಿದು ಇನ್ನೊಂದರಲ್ಲಿ ಪರದೆಗೇ ಕತ್ತರಿ ಹಾಕಿದಳು. ಬಿಡಿಸಿಕೊಂಡವನು ಚಂಗನೆ ಬೀರುವಿನ ಮೇಲೆ! ನೆಲದ ಮೇಲೆಲ್ಲ ರಕ್ತದ ಹನಿ.

ಪ್ಯಾಂಟಿನ ಅಳತೆ ಕೊಡಲು ಬಂದಿದ್ದ ಭಾವ ಅಂಗಿಯ ತೋಳು ಮಡಚಿ ಎದ್ದರು. ಅಕ್ಕನ ಗಂಡ, ಕುಸ್ತಿ ಕಲಿಸುವವರು. ಬಾಗಿಲಿಗೆ ಅಡ್ಡ ನಿಂತರೆ ಕೋಣೆಗೇ ಕತ್ತಲೆ.

"ನೀನು ಪಕ್ಕಕ್ಕೆ ನಿಲ್ಲಮ್ಮ. ಎಂಥೆಂಥಾ ಜಟ್ಟಿಗಳನ್ನ ಕೆಡವಿದೀನಿ, ಇವನ್ಯಾವ ಲೆಕ್ಕ!"

ಕೈ ಚಾಚಿದ್ದಷ್ಟೇ, ಮೂಗಿನ ಮೇಲೊಂದು ಗೀರು ಬಿತ್ತು. ಬೆಕ್ಕು ಬೀರುವಿನಿಂದ ಮಿಷನ್‌ಗೆ, ಮಿಷನ್‌ನಿಂದ ಬಟ್ಟೆ ರಾಶಿಗೆ ಹಾರಿತು.

"ಭಾವ, ಓಡಿಸಬೇಡಿ! ಓಡಿದಷ್ಟೂ ರಕ್ತ ಹೋಗುತ್ತೆ."

ಅವಳು ಬಾಗಿಲು ಹಾಕಿ, ನೆಲದ ಮೇಲೆ ಕೂತು "ಬಾರೋ ರಾಜ, ಬಾರೋ" ಅಂತ ಕರೆದಳು. ಪುಟ್ಟರಾಯ ಕುಂಟುತ್ತಾ ಹತ್ತಿರ ಬಂದ ಕೂಡಲೇ ಟವೆಲ್‌ನಲ್ಲಿ ಸುತ್ತಿ, ಒಂದು ಕಾಲನ್ನಷ್ಟೇ ಹೊರಗಿಟ್ಟು, ಭಾವನ ಮಡಿಲಿಗೆ ಕೊಟ್ಟಳು. ಉಗುರಿನ ತುದಿ ಸೀಳಿ ನೇತಾಡುತ್ತಿತ್ತು. ಪ್ರಾಣಿ ಡಾಕ್ಟರಿಗೆ ಫೋನ್ ಹಚ್ಚಿದಳು.

"ನೇತಾಡೋ ಚೂರನ್ನ ಕೀಳಬೇಡಿ" ಅಂದರು ಡಾಕ್ಟರು. "ಶುದ್ಧವಾದ ಬಟ್ಟೆಯಿಂದ ಒತ್ತಿ ಹಿಡೀರಿ. ತುದಿಗೆ ಚೂರು ಕಾರ್ನ್‌ಫ್ಲೋರ್ ಹಿಟ್ಟು ಒತ್ತಿ. ರಕ್ತ ನಿಲ್ಲದಿದ್ರೆ ಈಗಲೇ ಬನ್ನಿ. ನಿಂತ್ರೆ ಸಂಜೆ ಕರ್ಕೊಂಡು ಬನ್ನಿ, ನಾನೇ ತೆಗೀತೀನಿ."

ಅವಳು ಅಡುಗೆಮನೆಯಿಂದ ಹಿಟ್ಟು ತಂದಿಟ್ಟುಕೊಂಡು ಬಟ್ಟೆ ಒತ್ತಿದಳು. ಅದು ಕೆಂಪಾಯಿತು, ಭಾವನ ಮುಖ ಬಿಳಿಚಿತು.

"ನಂಗ್ಯಾಕೋ ತಲೆ ಸುತ್ತುತ್ತಿದೆ ಕಣಮ್ಮ..."

"ಅಯ್ಯೋ, ಬೆಕ್ಕಿನ ಮೇಲೆ ಮಾತ್ರ ಬೀಳಬೇಡಿ! ಕಣ್ಣು ಮುಚ್ಚಿ ಏನಾದ್ರೂ ಹಾಡಿ."

ಭಾವ ಕಣ್ಣು ಮುಚ್ಚಿ ಜೋಗುಳ ಶುರು ಮಾಡಿದರು. ರಾಗಕ್ಕೂ ಅವರಿಗೂ ಎಣ್ಣೆ ಸೀಗೇಕಾಯಿ ಸಂಬಂಧ. ಪುಟ್ಟರಾಯ ಒದೆಯುವುದನ್ನೇ ಮರೆತು, ಕಿವಿ ಹಿಂದಕ್ಕೆ ಮಾಡಿಕೊಂಡು ಅವರ ಬಾಯನ್ನೇ ನೋಡುತ್ತಾ ಕೂತ. ಅವಳು ನಗು ತಡೆದುಕೊಂಡು ಚಿಟಿಕೆ ಹಿಟ್ಟು ಒತ್ತಿ ಹಿಡಿದಳು. ಬಟ್ಟೆ ಮೆಲ್ಲಗೆ ತೆಗೆದು ನೋಡಿದರೆ, ಕೆಂಪಿಲ್ಲ!

"ನಿಂತ್ಹೋಯ್ತು ಭಾವ, ನಿಂತ್ಹೋಯ್ತು!"

"ರಕ್ತ ನಿಂತ್ಹೋಯ್ತಾ?" ಅವರು ಗಡಬಡಿಸಿ ಕಣ್ಣು ಬಿಟ್ಟರು.

ಆಮೇಲೆ ಪುಟ್ಟರಾಯನಿಗೆ ಗಾಯ ನೆಕ್ಕುವ ಚಪಲ ಶುರುವಾಯಿತು. ಅವಳು ದಪ್ಪ ಬಟ್ಟೆಯ ತುಂಡುಗಳನ್ನು ಜೋಡಿಸಿ ಬಾಯಿ ಕಾಲಿಗೆ ಎಟುಕದಂತೆ ಸರಸರನೆ ಅಗಲದ ಕತ್ತುಪಟ್ಟಿಯೊಂದನ್ನು ಹೊಲಿದಳು. ಅದನ್ನು ತೊಟ್ಟ ಪುಟ್ಟರಾಯ ಹಿಂದೆ ಹಿಂದೆ ನಡೆದು ಗೋಡೆಗೆ ಬಡಿದುಕೊಂಡ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಸಂಜೆ ಡಾಕ್ಟರು ಆ ಚೂರನ್ನು ನೋವಾಗದಂತೆ ತೆಗೆದು, "ಚೆನ್ನಾಗಿ ನೋಡ್ಕೊಂಡಿದೀರಿ, ಹೊಸ ಉಗುರು ಬರುತ್ತೆ" ಅಂದರು. ಟೈಲರಮ್ಮನಿಗೆ ಕುಣಿಯುವಷ್ಟು ಹಿಗ್ಗು. ಹೊರಗೆ ಬಂದು ನೋಡಿದರೆ ಭಾವ, ನಾಯಿ ಹಿಡಿದು ಕೂತಿದ್ದ ಮುದುಕಿಯೊಬ್ಬಳಿಗೆ ಮೂಗು ತೋರಿಸಿ, ಬೆಳಗಿನ ಕಥೆಯನ್ನು ಕೈ ಬೀಸಿ ಬೀಸಿ ಹೇಳುತ್ತಿದ್ದರು. ಟೈಲರಮ್ಮನ ಕೈಯಿಂದ ಪುಟ್ಟರಾಯ ಕೂತಿದ್ದ ಬುಟ್ಟಿ ಇಸಕೊಂಡವರು ಮನೆ ತಲುಪುವವರೆಗೂ ವಾಪಸ್ ಕೊಡಲೇ ಇಲ್ಲ.