ಮುಂದಿನ ವರ್ಷದ ಬುಟ್ಟಿ

ಸ್ಪ್ಯಾನಿಷ್ ಮಾತಾಡುವ ತಾರಿಹಾ ಊರಿಗೆ ಇಂಗ್ಲಿಷ್ ಕಲಿಸಲು ಬಂದ ಹೊರದೇಶದವರೆಲ್ಲ ಗುರುವಾರ ಸಂಜೆ ಚೌಕದ ಹಿಂದಿನ ಬಾರಿನಲ್ಲಿ ಸೇರುವುದು ರೂಢಿ. ಸೇರಿದ ಮೇಲೆ ಮೂರೇ ಪ್ರಶ್ನೆ. ಯಾವೂರು, ಬಂದು ಎಷ್ಟು ದಿನ ಆಯ್ತು, ಹೊರಡೋದು ಯಾವಾಗ. ಇವನ್ನು ಕೇಳಿ ಕೇಳಿ ಮೊರಾಗ್‌ಳ ತಲೆ ಚಿಟ್ಟು ಹಿಡಿದಿತ್ತು. ಸ್ಕಾಟ್ಲೆಂಡಿನಿಂದ ಬಂದು ನಾಲ್ಕು ವರ್ಷವಾದ ಅವಳೇ ಅಲ್ಲಿ ಎಲ್ಲರಿಗಿಂತ ಹಳಬಳು. ಉಳಿದವರು ಬರುತ್ತಿದ್ದರು. ಬಾಡಿಗೆ ಮನೆ ಎಲ್ಲಿ, ಹಲ್ಲಿನ ಡಾಕ್ಟರು ಯಾರು ಎಂದು ಅವಳನ್ನೇ ಕೇಳುತ್ತಿದ್ದರು, ಪ್ರಾಣಸ್ನೇಹಿತರಾಗುತ್ತಿದ್ದರು, ಒಂದು ದಿನ ಗಂಟುಮೂಟೆ ಕಟ್ಟುತ್ತಿದ್ದರು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು? ಅವಳ ಮನೆ ತುಂಬ ಹೋದವರು ಬಿಟ್ಟುಹೋದ ಸಾಮಾನೇ. ಹೋದವರ ಬಾಣಲೆ, ಹೋದವರ ಕೊಡೆ, ಹೋದವರ ಮೂರು ಮಿಕ್ಸಿ.

ಆದರೆ ಟ್ಯಾಮ್ಸಿನ್ ಹಾಗಲ್ಲ ಎಂದು ಮೊರಾಗ್ ನಂಬಿದ್ದಳು. ಆಸ್ಟ್ರೇಲಿಯಾದ ಈ ಹುಡುಗಿ ಮೊರಾಗ್ ಕಲಿಸುವ ಶಾಲೆಯಲ್ಲೇ ಪಾಠ ಹೇಳುತ್ತಿದ್ದಳು. ಮೊರಾಗ್‌ಗೆ ಜ್ವರ ಬಂದಾಗ ರಾತ್ರಿಯಿಡೀ ತಲೆಗೆ ಒದ್ದೆಬಟ್ಟೆ ಹಾಕಿದವಳು. ಕ್ರಿಸ್‌ಮಸ್ಸಿನ ದಿನ ಅವಳೇ ಬಾಯಿಬಿಟ್ಟು ಹೇಳಿದ್ದಳು: "ನಾನಂತೂ ಎಲ್ಲಿಗೂ ಹೋಗಲ್ಲ ಕಣೇ. ಈ ಊರೇ ಸಾಕು ನಂಗೆ."

ಆ ಮಾತನ್ನು ನಂಬಿ ಮೊರಾಗ್ ಈ ಸಲ ಊರಿನ ಹೆಂಗಸರು ಮಾಡುವುದನ್ನೇ ಮಾಡಿದಳು. ಕಾರ್ನಿವಲ್ ಹಬ್ಬಕ್ಕೆ ಮುಂಚಿನ ಗುರುವಾರ ಅಲ್ಲಿ ಕೊಮಾದ್ರೆಯರ ದಿನ. ಮೆಚ್ಚಿದವಳಿಗೆ ಹಣ್ಣು, ಹೂವು, ಸಕ್ಕರೆ ಬಳಿದ ಬಳೆಯಾಕಾರದ ರೊಟ್ಟಿಗಳನ್ನು ಬುಟ್ಟಿ ತುಂಬ ಜೋಡಿಸಿ ಕೊಡಬೇಕು. ಸ್ವೀಕರಿಸಿದವಳು ಅಂದಿನಿಂದ ಕೊಮಾದ್ರೆ, ಒಡಹುಟ್ಟಿದವಳಿಗಿಂತ ಒಂದು ಕೈ ಮೇಲು. ಮುಂದಿನ ವರ್ಷ ಅದೇ ದಿನ ಅವಳು ಬುಟ್ಟಿ ತುಂಬಿಸಿಕೊಂಡು ತಿರುಗಿ ಬರಬೇಕು. ಬಾರದಿದ್ದರೆ ಸಂಬಂಧ ಅಲ್ಲಿಗೆ ಕಡಿದಂತೆ.

ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಕಲಿಸುವ ನೆಲಿದಾ ಇದನ್ನೆಲ್ಲ ಅವರಿಬ್ಬರಿಗೂ ವಿವರಿಸಿದ್ದಳು. ಅವಳು ಆ ಊರಿನವಳೇ. ಆ ಗುರುವಾರ ಬೆಳಿಗ್ಗೆ ಮೊರಾಗ್ ಬುಟ್ಟಿಗೆ ಬಣ್ಣದ ಕಾಗದ ಸುತ್ತುವಾಗ ಬಂದು ಸೊಂಟಕ್ಕೆ ಕೈಯಿಟ್ಟು ನಿಂತಳು.

"ಯಾರಿಗಮ್ಮಾ ಇಷ್ಟೊಂದು ಸಿಂಗಾರ?"

"ಟ್ಯಾಮ್ಸಿನ್‌ಗೆ."

"ಹಾರೋ ಹಕ್ಕಿ ಕಾಲಿಗೆ ದಾರ ಕಟ್ತಿದೀಯಾ? ಕಟ್ಟು ಕಟ್ಟು." ನಕ್ಕಳು. "ಭಾನುವಾರ ನಮ್ಮನೆಗೆ ಊಟಕ್ಕೆ ಬರ್ತೀಯೋ, ಇಲ್ಲ ಈ ಸಲಾನೂ ಮುಂದಿನ ವಾರಾನೋ?"

"ಮುಂದಿನ ವಾರ ಖಂಡಿತ," ಎಂದಳು ಮೊರಾಗ್. ನಾಲ್ಕು ವರ್ಷದಿಂದ ಇದೇ ಉತ್ತರ. ವಾರವೆಲ್ಲ ಸ್ಪ್ಯಾನಿಷ್‌ನಲ್ಲಿ ಏಗಿದ ಮೇಲೆ ಭಾನುವಾರವಾದರೂ ಯೋಚಿಸದೆ ಮಾತಾಡುವವರು ಬೇಕು ಎಂಬುದು ಅವಳ ವಾದ.

ಮಧ್ಯಾಹ್ನ ಬುಟ್ಟಿಯನ್ನು ಟ್ಯಾಮ್ಸಿನ್‌ಳ ಕೈಗೆ ಕೊಟ್ಟಳು. ಸಂಜೆ ಬಾರಿಗೆ ಹೋದರೆ, ಅದೇ ಬುಟ್ಟಿ ಬಿಯರ್ ಬಾಟಲಿಗಳ ನಡುವೆ ಕೂತಿತ್ತು. ಅಮೆರಿಕದ ರಸ್ ಎಂಬವನು ಪೀಚ್ ಹಣ್ಣು ಚೀಪಿ ಬೀಜವನ್ನು ಬೂದಿಬಟ್ಟಲಿಗೆ ಉಗಿಯುತ್ತಿದ್ದ. ದ್ರಾಕ್ಷಿಯ ಗೊಂಚಲಿನಲ್ಲಿ ಬರೀ ಕಡ್ಡಿ ಉಳಿದಿತ್ತು.

"ತಿನ್ರೋ, ಎಲ್ಲಾರೂ ತಿನ್ನಿ. ಶನಿವಾರದೊಳಗೆ ಖಾಲಿ ಆಗ್ಬೇಕು," ಎನ್ನುತ್ತಿದ್ದ ಟ್ಯಾಮ್ಸಿನ್ ಮೊರಾಗ್‌ಳನ್ನು ಕಂಡು ನಾಲಿಗೆ ಕಚ್ಚಿಕೊಂಡಳು.

"ಶನಿವಾರ ಏನಿದೆ?"

"ನಿಂಗೆ ಹೇಳೋಣ ಅಂತಾನೇ ಇದ್ದೆ ಕಣೇ. ವಿಯೆಟ್ನಾಮಲ್ಲಿ ಕೆಲ್ಸ ಸಿಕ್ತು. ಹೆಂಗ್ ಹೇಳೋದು ಅಂತ..."

"ಈ ಬುಟ್ಟಿ ಏನು ಅಂತ ನಿಂಗೆ ಗೊತ್ತಿತ್ತು."

"ಗೊತ್ತಿತ್ತು. ಅದಕ್ಕೇ ಬೇಜಾರು. ಬೇಕಾದ್ರೆ ಬೈದ್ಬಿಡು. ನನ್ನ ಮಿಕ್ಸಿ ನಿಂಗೇ ಇಟ್ಟಿದೀನಿ."

"ಮಿಕ್ಸಿ ಕಟ್ಕೊಂಡು ಹಾಳ್ ಬಾವೀಲಿ ಬೀಳು!"

ರಸ್ ಕುರ್ಚಿ ಎಳೆದ. "ಕೂತ್ಕೊಳಮ್ಮಾ. ಬಸ್ಸುಗಳು ಬರ್ತವೆ, ಹೋಗ್ತವೆ. ನೀನು ನಮ್ಮ ಬಸ್‌ಸ್ಟ್ಯಾಂಡು. ಬಸ್‌ಸ್ಟ್ಯಾಂಡು ಅತ್ತುಬಿಟ್ರೆ ಹೆಂಗೆ?"

ಎಲ್ಲರೂ ನಕ್ಕರು. ಮೊರಾಗ್‌ಗೆ ಅಳು ಬರಲಿಲ್ಲ, ಮೈಯೆಲ್ಲ ಉರಿದುಹೋಯಿತು. ಬುಟ್ಟಿಯನ್ನು ಕಸಿದುಕೊಂಡಳು. ಒಂದು ಬಾಟಲಿ ಉರುಳಿತು. ಯಾರ ಮುಖವನ್ನೂ ನೋಡದೆ ಹೊರಬಿದ್ದಳು.

ಬೀದಿಯಲ್ಲಿ ಹೆಂಗಸರ ಮೆರವಣಿಗೆ. ಬುಟ್ಟಿಗಳನ್ನು ಎತ್ತಿ ಹಿಡಿದು, ಕಿವಿಯ ಹಿಂದೆ ಕಾಮಕಸ್ತೂರಿಯ ಕುಡಿ ಸಿಕ್ಕಿಸಿಕೊಂಡು, ಡೋಲಿಗೆ ತಕ್ಕಂತೆ ಕುಣಿಯುತ್ತ ಹೋಗುತ್ತಿದ್ದರು. ನಡುವೆ ನೆಲಿದಾ ಕಂಡಳು. ಮೊರಾಗ್ ಜನರನ್ನು ತಳ್ಳಿಕೊಂಡು ಹೋಗಿ ಬುಟ್ಟಿ ಮುಂದೆ ಹಿಡಿದಳು.

"ತಗೋ. ನಿಂಗೇ ಕೊಡ್ಬೇಕಿತ್ತು, ನಂಗೆ ಬುದ್ಧಿ ಇಲ್ಲ. ಅವರೆಲ್ಲ ಕಾಲು ನಿಲ್ಲದ ಜನ."

ನೆಲಿದಾ ಕುಣಿತ ನಿಲ್ಲಿಸಿ ಬುಟ್ಟಿಯೊಳಗೆ ಬಗ್ಗಿ ನೋಡಿದಳು. "ಅಯ್ಯೋ, ಎಂಜಲು ಬುಟ್ಟಿ! ನಿಮ್ಮೋರು ತಿಂದು ಮಿಕ್ಕಿದ್ದು ನಂಗಾ?"

"ಹಣ್ಣು ಬೇರೆ ತರ್ತೀನಿ. ಈಗ್ಲೇ ತರ್ತೀನಿ."

"ಹಣ್ಣು ಹಾಳಾಗ್ಲಿ ಬಿಡು." ನೆಲಿದಾಳ ನಗು ನಿಂತಿತ್ತು. ಕೈಯನ್ನೂ ಚಾಚಲಿಲ್ಲ. "ಇದನ್ನ ತಗೊಂಡ್ರೆ ಮುಂದಿನ ವರ್ಷ ನಾನು ಬುಟ್ಟಿ ಹೊತ್ಕೊಂಡು ನಿನ್ನ ಮನೆಗೆ ಬರ್ಬೇಕು. ಬರ್ತೀನಿ, ನಂದೇನು. ಬಾಗ್ಲು ತೆಗೆಯೋಕೆ ನೀನು ಇರ್ತೀಯಾ?"

ಇರ್ತೀನಿ ಎನ್ನಲು ಮೊರಾಗ್ ಬಾಯಿ ತೆರೆದಳು. ಚಾಚಿದ ಬುಟ್ಟಿಯನ್ನು ತಾನೇ ಹಿಂದಕ್ಕೆ ಎಳೆದುಕೊಂಡಳು. ಡಿಸೆಂಬರಿಗೆ ಅವಳ ಕರಾರು ಮುಗಿಯುತ್ತಿತ್ತು. ಕಳೆದ ವಾರವಷ್ಟೇ ಲಿಸ್ಬನ್ನಿನ ಒಂದು ಶಾಲೆಯವರ ಜೊತೆ ಫೋನಿನಲ್ಲಿ ಮಾತಾಡಿದ್ದಳು. ಸುಮ್ಮನೆ, ವಿಚಾರಿಸೋಣವೆಂದು. ಯಾರಿಗೂ ಹೇಳಿರಲಿಲ್ಲ. ಟ್ಯಾಮ್ಸಿನ್‌ಗೂ ಹೇಳಿರಲಿಲ್ಲ. ತನ್ನ ಎಲೆಯಲ್ಲೇ ಹೆಗ್ಗಣ ಸತ್ತು ಬಿದ್ದಿದೆ ಎಂಬುದು ಅವಳಿಗೆ ನಡುಬೀದಿಯಲ್ಲಿ ಗೊತ್ತಾಯಿತು.

ಹಿಂದಿನ ಹೆಂಗಸರು "ನಡೀರೇ, ದಾರಿ ಬಿಡ್ರೇ" ಎಂದು ಕೂಗಿದರು.

"ಸುಳ್ಳು ಹೇಳ್ಲಿಲ್ವಲ್ಲ, ಅಷ್ಟೇ ಸಾಕು," ಎಂದು ನೆಲಿದಾ ತನ್ನ ಕಿವಿಯ ಕುಡಿಯನ್ನು ತೆಗೆದು ಮೊರಾಗ್‌ಳ ಕಿವಿಗೆ ಸಿಕ್ಕಿಸಿದಳು. "ಗುರುವಾರ ಇನ್ನೂ ಮುಗಿದಿಲ್ಲ. ಬುಟ್ಟಿ ಹೊತ್ಕೊಂಡು ಜೊತೇಲಿ ಬಾ. ಇರ್ತೀನಿ ಅನ್ನೋ ಧೈರ್ಯ ಬಂದ್ರೆ ಕೊಡು, ತಗೋತೀನಿ. ಬರ್ಲಿಲ್ಲ ಅಂದ್ರೆ ನಿನ್ನ ಮನೇಗೇ ತಗೊಂಡ್ ಹೋಗು."

ಡೋಲು ಮುಂದೆ ಸರಿಯಿತು. ಅರ್ಧ ಖಾಲಿಯಾದ ಬುಟ್ಟಿಯನ್ನು ಎದೆಗೆ ಅವಚಿಕೊಂಡು, ಹೆಜ್ಜೆ ಗೊತ್ತಿಲ್ಲದೆ ಎಡವುತ್ತ, ಮೊರಾಗ್ ಅವಳ ಹಿಂದೆ ನಡೆದಳು.