ಅಪ್ಪನ ಮೇಲಿನ ಆಣೆ

"ಕುತ್ತಿಗಿ ಹಿಡೀರಿ, ಎಡಕ್ಕ ವಾಲಾಕತ್ತೈತಿ!" ಎಂದು ಗುರುನಾಥ ಕೂಗಿದ. ಕಟ್ಟೆಯ ಮೇಲೆ ಕೂಡಿಸಿದ್ದ ಅಣ್ಣ ಮಾನಪ್ಪನ ಹೆಣವನ್ನು ಇಬ್ಬರು ಗೋಡೆಗೆ ಒರಗಿಸಿದರು. ಮಸೂತಿ ಊರಿನ ಜನಕ್ಕೆ ಅವಸರ. ಹೊತ್ತು ಮುಳುಗುವುದರೊಳಗೆ ಮಣ್ಣು ಕೊಡಬೇಕು.

ಮಗಳು ಪಲ್ಲವಿಗೆ ಒಂದು ಕಡೆ ನಿಲ್ಲಲಾಗುತ್ತಿರಲಿಲ್ಲ. ಒಳಗೆ ಹೋಗುವಳು, ಹೊರಗೆ ಬರುವಳು. ಸ್ವತಃ ಡಾಕ್ಟರು, ಅಪ್ಪನ ಹೃದಯ ನಿಂತದ್ದು ಏಕೆಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಅಲ್ಲಿರಲಿಲ್ಲ. ಆದರೂ ಒಂದು ಆಣೆ ಬೆಳಗಿನಿಂದ ಅವಳನ್ನು ತಿನ್ನುತ್ತಿತ್ತು.

"ಗ್ರಾಮ ಪಂಚಾಯ್ತಿಗಿ ಓಟ್ ಹಾಕಾಕ ಬ್ಯಾಸರ ಮಾಡ್ಕೊಂತಿದ್ದ," ಎಂದ ಮಾನಪ್ಪನ ಗೆಳೆಯ ಬಾಬುಲಾಲ. "ಕಿರ್ಗಿಸ್ತಾನದ ರಾಜಕೀಯ ಮಾತ್ರ ಬಾಯಿಪಾಠ ಇತ್ತ ನೋಡ್ರಿ." ಅಳುತ್ತಿದ್ದವರೂ ನಕ್ಕರು.

*

ಅದು ೨೦೨೦ರ ಅಕ್ಟೋಬರ್. ಪಲ್ಲವಿ ಕಿರ್ಗಿಸ್ತಾನದ ರಾಜಧಾನಿ ಬಿಷ್ಕೆಕ್‌ನಲ್ಲಿ ಡಾಕ್ಟರಿಕೆ ಓದುತ್ತಿದ್ದಳು. ಭಾನುವಾರದ ಚುನಾವಣೆಯಲ್ಲಿ ಆಳುವವರ ಕಡೆಯ ಪಕ್ಷಗಳು ಗೆದ್ದವು. ಸೋಮವಾರ ಜನ ಬೀದಿಗಿಳಿದು ಪಾರ್ಲಿಮೆಂಟಿಗೆ ನುಗ್ಗಿದರು. ಮಂಗಳವಾರ ಚುನಾವಣೆಯೇ ರದ್ದು. ಮುಂದಿನ ವಾರ ಅಧ್ಯಕ್ಷರೂ ಕುರ್ಚಿ ಬಿಟ್ಟರು.

ದಿನಾ ಸಂಜೆ ಮಾನಪ್ಪ ಹೆಂಡತಿ ಸುಂದರವ್ವನನ್ನು ಕೂಡಿಸಿಕೊಂಡು ಇದನ್ನೆಲ್ಲ ಬಿಡಿಸಿ ಹೇಳುತ್ತಿದ್ದ.

"ಅಲ್ಲಿ ಪಕ್ಷ ಅಂದ್ರ ಕುರ್ಚಿ ಕಾಲಿಗಿ ಕಟ್ಟಿದ ಎಮ್ಮಿ ಇದ್ದಂಗ. ಕುರ್ಚಿ ಇರೂತನಕ ಮೇವು. ಕುರ್ಚಿ ಹ್ವಾದ್ರ ಎಮ್ಮಿನೂ ಇಲ್ಲ, ಹಗ್ಗಾನೂ ಇಲ್ಲ."

"ಎಮ್ಮಿ ಸುದ್ದಿ ಯಾರಿಗಿ ಬೇಕ್ರಿ? ಪಲ್ಲವಿ ಹೆಂಗದಾಳ?"

"ಅಕಿ ಆರಾಮ್ ಅದಾಳ. ಹಾಂ, ಎಲ್ಲಿಗಿ ಬಂದಿದ್ದೆ? ಅಧ್ಯಕ್ಷ..."

ಅಪ್ಪ ಫೋನಿನಲ್ಲಿ ಕೇಳಿದ್ದು ಒಂದೇ ಮಾತು: "ಹೊರಗ ಹೋಗಿದ್ದೇನು?"

"ಇಲ್ಲಪ್ಪ. ನಿನ್ನಾಣಿ, ಹಾಸ್ಟೆಲ್ ಬಿಟ್ಟಿಲ್ಲ."

ಆದರೆ ಆ ಗಲಾಟೆಯಲ್ಲೇ ಅವಳು ಗಾಯಗೊಂಡವರ ತಲೆಗೆ ಪಟ್ಟಿ ಕಟ್ಟಿ ಬಂದಿದ್ದಳು. ಯಾರ ಮೇಲೆ ಸುಳ್ಳು ಆಣೆ ಹಾಕುತ್ತೇವೋ ಅವರ ಜೀವಕ್ಕೇ ತಟ್ಟುತ್ತದೆ ಎಂದು ಚಿಕ್ಕಂದಿನಲ್ಲಿ ಅಜ್ಜಿ ಹೇಳಿದ್ದು ನೆನಪಾದದ್ದು ಫೋನಿಟ್ಟ ಮೇಲೆ.

*

ಹೊಲದಲ್ಲಿ ಕುಣಿ ತೋಡಿಯಾಗಿತ್ತು. ಮಾನಪ್ಪನನ್ನು ಕೆಳಗಿಳಿಸಿ, ಪದ್ಮಾಸನ ಹಾಕಿ ಕೂಡಿಸಿ, ಹಣೆಗೆ ವಿಭೂತಿ ಹಚ್ಚಿದರು. ಗುರುನಾಥ ಸಲಿಕೆ ಎತ್ತಿದ. ಅಷ್ಟರಲ್ಲಿ ಪಲ್ಲವಿ ಸೀರೆ ಎತ್ತಿ ಸಿಕ್ಕಿಸಿಕೊಂಡು ಕುಣಿಗೆ ಜಿಗಿದೇಬಿಟ್ಟಳು.

"ಏ, ಹೆಣ್ಣಮಕ್ಕಳು ಇಳಿಬಾರ್ದು! ಮ್ಯಾಲ ಬಾ!" ಎಂದು ಗುರುನಾಥ ಗದರಿದ.

ಅವಳು ಕೇಳಲಿಲ್ಲ. ಅಪ್ಪನ ತಣ್ಣನೆಯ ಕಿವಿಗೆ ಬಾಯಿ ಹಚ್ಚಿದಳು. "ಅಪ್ಪ, ಹೊರಗ ಹೋಗಿದ್ನಿ. ಸುಳ್ಳಾಣಿ ಹಾಕೇನಿ. ನಾನ ನಿನ್ನ ಕೊಂದ್ನೇನಪ್ಪ?" ಎಂದು ಗಟ್ಟಿಯಾಗಿಯೇ ಅತ್ತಳು.

"ಅವ್ರಿಗಿ ಗೊತ್ತಿತ್ತಬೆ," ಎಂದಳು ಮೇಲಿನಿಂದ ಸುಂದರವ್ವ. "ಬಾಬುಲಾಲಣ್ಣನ ಮೊಬೈಲಿಗಿ ಬಂದ ಗಲಾಟಿ ವಿಡಿಯೋದಾಗ ನೀ ಪಟ್ಟಿ ಕಟ್ಟೂದು ನೋಡಿದ್ರು. ನಾ ಅಂಜತೇನಂತ ನನ್ನ ಮುಂದ ಬರೇ ಪಕ್ಷದ ಕತಿ ಹೇಳಿದ್ರು. ಎಲ್ಲಾ ಬಾಬುಲಾಲಣ್ಣ ಹೇಳ್ಯಾನ ನನಗ."

ಬಾಬುಲಾಲ ತಲೆ ತಗ್ಗಿಸಿದ.

"ಮರುದಿನಾನ ಬಾಗೇವಾಡಿಗಿ ಹೋಗಿ ಬಸವಣ್ಣಗ ಕಾಯಿ ಒಡಿಸಿ ಬಂದ್ರು," ಎಂದಳು ಸುಂದರವ್ವ. "‘ಮಗಳು ಸುಳ್ಳಾಣಿ ಹಾಕ್ಯಾಳ, ಅಕಿಗೇನೂ ತಟ್ಟಬ್ಯಾಡ’ ಅಂತ ಬೇಡ್ಕೊಂಡ್ರು. ತಮ್ಮ ಸಲುವಾಗಿ ಅಲ್ಲ."

ಪಲ್ಲವಿ ಎದ್ದು ಮೇಲೆ ಹತ್ತಲು ನೋಡಿದಳು. ಕುಣಿಯ ಅಂಚು ಕೈಗೆ ಎಟುಕಲಿಲ್ಲ. ಗುರುನಾಥ ಏಣಿ ತರಲು ಕೂಗುತ್ತಿದ್ದ. ಸುಂದರವ್ವ ಕಾಯಲಿಲ್ಲ. ಹಸಿ ಮಣ್ಣಿನ ಮೇಲೆ ಬೋರಲು ಮಲಗಿ, ಎರಡೂ ಕೈ ಕುಣಿಯೊಳಗೆ ಚಾಚಿದಳು.