ಈರವ್ವನ ಹಿಂದೆ ಹಿಂದೆ ಸಂಗಪ್ಪನ ನಡಿಗೆ

ಸಂಗಪ್ಪನ ಅನುಮಾನ ಹುಟ್ಟಿನಿಂದ ಬಂದದ್ದಲ್ಲ, ನೌಕರಿ ಕಲಿಸಿದ್ದು. ಯಶವಂತಪುರದ ಕಾರ್ಖಾನೆಯೊಂದರ ಗೇಟಿನಲ್ಲಿ ನಿಂತು ಹೋಗುವವರ, ಬರುವವರ ಚೀಲ ತಡವುವುದೇ ಅವನ ಕೆಲಸವಾಗಿತ್ತು. ನಿವೃತ್ತನಾಗಿ ಆರ್.ಟಿ. ನಗರದ ಬಾಡಿಗೆ ಮನೆಯ ಮೊದಲ ಮಹಡಿಯಲ್ಲಿ ಕೂತ ಮೇಲೂ ಆ ಗುಣ ಹೋಗಲಿಲ್ಲ. ತರಕಾರಿಯವನ ತಕ್ಕಡಿ ಮೇಲೆ ಅನುಮಾನ, ಗ್ಯಾಸ್ ತರುವವನ ಮೇಲೆ ಅನುಮಾನ, ಯಾರಾದರೂ ನಕ್ಕು ಮಾತಾಡಿಸಿದರಂತೂ ಇನ್ನೂ ದೊಡ್ಡ ಅನುಮಾನ. ಪುಣ್ಯಾತ್ಮನಿಗೆ ತನ್ನ ಕಾಲುಗಳ ಮೇಲೆ ಮಾತ್ರ ಒಂದು ದಿನವೂ ಅನುಮಾನ ಬಂದಿರಲಿಲ್ಲ.

ಅವನು ಬಾಗಲಕೋಟೆ ಕಡೆಯವನು. ಆ ಕಡೆಯ ಜನ ಯುಗಾದಿಗೆ ಮುಂಚೆ ಗುಂಪುಗೂಡಿ ಶ್ರೀಶೈಲಕ್ಕೆ ನಡೆದೇ ಹೋಗುತ್ತಾರೆ. ಕಂಬಿ ಎಂದು ಕರೆಯುವ, ಅಲ್ಲಿನ ದೇವರಾದ ಮಲ್ಲಯ್ಯನ ಸಿಂಗರಿಸಿದ ಕೋಲನ್ನು ಸರದಿಯ ಮೇಲೆ ಹೆಗಲಿಗೇರಿಸಿಕೊಳ್ಳುತ್ತಾರೆ. ಸಂಗಪ್ಪ ವರ್ಷವರ್ಷವೂ ರಜೆ ಹಾಕಿ ಊರಿಗೆ ಹೋಗಿ ಕಂಬಿ ಹೊರುತ್ತಿದ್ದ. ಗೇಟಿನ ಕೆಲಸದಲ್ಲಿ ದಿನವಿಡೀ ಓಡಾಟವಿತ್ತು, ಕಾಲು ಗಟ್ಟಿಯಾಗಿತ್ತು. ನಿವೃತ್ತಿಯಾದ ಮೇಲೆ ಹಾಸಿಗೆ ಬಿಟ್ಟರೆ ಕುರ್ಚಿ, ಕುರ್ಚಿ ಬಿಟ್ಟರೆ ಹಾಸಿಗೆ. ಹಾಗಿದ್ದೂ ಹೋದ ವರ್ಷ ಎದೆಯುಬ್ಬಿಸಿ ಹೊರಟ. ಕಾಡಿನ ದಾರಿ ಶುರುವಾಗುವ ಮೊದಲೇ ತೊಡೆ ಥರಥರ ನಡುಗಿ ಕುಸಿದು ಕೂತ. ಅಕ್ಕಿ ಮೂಟೆ, ಪಾತ್ರೆಗಳ ಜೊತೆ ಅವನನ್ನೂ ಟೆಂಪೋದಲ್ಲಿ ಹಾಕಿ ಕಳಿಸಿದರು.

ಈ ಸಲ ದೀಪಾವಳಿ ಮುಗಿಯುತ್ತಿದ್ದಂತೆ ಗುಂಪಿನ ಹಿರಿಯ ಶಿವಪುತ್ರನ ಫೋನು ಬಂತು.

"ಸಂಗಣ್ಣ, ಈ ಸಲ ನೀ ನಡಿಯೂದು ಬ್ಯಾಡ. ಸೀದಾ ಬಸ್ಸಿನಾಗ ಶ್ರೀಶೈಲಕ್ಕ ಬಂದುಬಿಡು. ಕಂಬಿ ಬ್ಯಾರೆಯವರು ಹೊರ್ತಾರ."

ಸಂಗಪ್ಪನಿಗೆ ಅವತ್ತು ಊಟ ಸೇರಲಿಲ್ಲ. ಮಲ್ಲಯ್ಯನೇ ಮುಂದೆ ನಿಂತು ಬಾಗಿಲು ಹಾಕಿದನೇನೋ ಅನ್ನುವಷ್ಟು ಸಂಕಟವಾಯಿತು.

ಹೆಂಡತಿ ಈರವ್ವ ತಟ್ಟೆ ಮುಂದಿಟ್ಟು ಹೇಳಿದಳು: "ಡಾಕ್ಟರ್ ಹೇಳಿದ್ದು ನೆನಪೈತಿಲ್ರೀ? ಎದಿ ಚಲೋ ಐತಿ, ಬಿಪಿ ಹತೋಟಿಯಾಗೈತಿ, ಮೊಣಕಾಲಿಗೆ ದೊಡ್ಡ ರೋಗ ಏನಿಲ್ಲ. ಕೂತು ಕೂತು ಕಾಲಿನ ಶಕ್ತಿ ಹೋಗೈತಿ, ದಿನಾ ಸ್ವಲ್ಪ ಸ್ವಲ್ಪ ನಡೀರಿ ಅಂದ್ರು. ಕೆಳಗಿನ ಮನಿ ರೆಹಾನಾ ಪಾರ್ಕಿನಾಗ ವಯಸ್ಸಾದವರಿಗೆ ವ್ಯಾಯಾಮ ಹೇಳಿಕೊಡ್ತಾಳ. ನೀವೂ ಬರ್ರಿ."

ರೆಹಾನಾ ಆಸ್ಪತ್ರೆಯೊಂದರಲ್ಲಿ ಫಿಸಿಯೋಥೆರಪಿಸ್ಟ್. ಕೈಕಾಲು ಸೋತವರಿಗೆ ವ್ಯಾಯಾಮ ಮಾಡಿಸುವುದೇ ಅವಳ ಉದ್ಯೋಗ.

"ಪುಕ್ಕಟೆ ಹೇಳಿಕೊಡ್ತಾಳೇನು?" ಸಂಗಪ್ಪ ಕಣ್ಣು ಕಿರಿದು ಮಾಡಿದ.

"ಹೂನ್ರೀ, ಪುಕ್ಕಟೆ."

"ಹಂಗಾರ ಪಕ್ಕಾ ಮೋಸ ಐತಿ! ಮೊದಲ ಕೈಕಾಲು ಆಡಸ್ತಾರ, ಆಮ್ಯಾಲ ಡಬ್ಬಿ ಹೊರಗ ತೆಗೀತಾರ. ಪುಡಿ ತಗೋರಿ, ಎಣ್ಣಿ ತಗೋರಿ ಅಂತಾರ. ಇಂಥಾ ಮಂದೀನ ಭಾಳ ನೋಡೇನಿ. ಮತ್ತ ದೇವರ ದಾರಿಗೆ ಯಾರರ ಪ್ರಾಕ್ಟೀಸ್ ಮಾಡ್ತಾರೇನು? ಮಲ್ಲಯ್ಯ ಕರಸ್ಕೊಂಡ್ರ ಕಾಲು ತಾವ ನಡೀತಾವ."

"ಹೋದ ವರ್ಷ ಮಲ್ಲಯ್ಯ ಕರಸ್ಕೊಂಡಿರಲಿಲ್ಲೇನು?"

ಸಂಗಪ್ಪ ಟೀವಿಯ ಸದ್ದು ಜೋರು ಮಾಡಿದ.

ಅದಾಗಿ ಕೆಲವೇ ದಿನಕ್ಕೆ ಈರವ್ವನ ರೀತಿಯೇ ಬದಲಾಯಿತು. ಬೆಳಿಗ್ಗೆ ಎದ್ದವಳೇ ಉಬ್ಬಿದ ಬಟ್ಟೆಚೀಲವೊಂದನ್ನು ಹೆಗಲಿಗೆ ಹಾಕಿಕೊಂಡು, "ಹಾಲು ತರ್ತೇನ್ರೀ" ಎಂದು ಹೊರಡುತ್ತಿದ್ದಳು. ಹಾಲಿನ ಬೂತು ಇದ್ದದ್ದು ಕೂಗಿದರೆ ಕೇಳುವಷ್ಟು ದೂರದಲ್ಲಿ. ಇವಳು ಬರುವಾಗ ಬಿಸಿಲು ಮೂಡಿರುತ್ತಿತ್ತು. ಕೇಳಿದರೆ, "ರಶ್ ಇತ್ರೀ" ಅನ್ನುವಳು. ಚೀಲವನ್ನು ಟ್ರಂಕಿನೊಳಗಿಟ್ಟು ಬೀಗ ಹಾಕುವಳು. ಮೆಟ್ಟಿಲ ಮೇಲೆ ರೆಹಾನಾ ಜೊತೆ ಗುಸುಗುಸು, ಸಂಗಪ್ಪನ ನೆರಳು ಕಂಡರೆ ಇಬ್ಬರೂ ಗಪ್‌ಚುಪ್!

ಊರವರ ಚೀಲವನ್ನೆಲ್ಲ ತಡವಿದವನಿಗೆ ಸ್ವಂತ ಮನೆಯ ಚೀಲ ಮುಟ್ಟಲಾಗದಿದ್ದರೆ ನಿದ್ದೆ ಬರುತ್ತದೆಯೇ? ಅವನು ಖಚಿತ ಮಾಡಿಕೊಂಡ. ರೆಹಾನಾ ತನ್ನ ಹೆಂಡತಿಯನ್ನು ಮನೆಮನೆಗೆ ಪುಡಿ ಮಾರಲು ಹಚ್ಚಿದ್ದಾಳೆ. ಆ ಚೀಲದಲ್ಲಿರುವುದು ಅದೇ ಡಬ್ಬಿ. ಕೈಯಾರೆ ಹಿಡಿಯದೆ ಬಿಡಬಾರದು.

ಮರುದಿನ ತಲೆಗೆ ಮಫ್ಲರ್ ಸುತ್ತಿ, ಹವಾಯಿ ಚಪ್ಪಲಿ ಮೆಟ್ಟಿ, ಅವಳು ಇಳಿದ ಸ್ವಲ್ಪ ಹೊತ್ತಿಗೆ ತಾನೂ ಇಳಿದ. ಈರವ್ವ ಬೂತು ದಾಟಿ ಮುಂದೆ ಹೋದಳು. "ಸಿಕ್ಕಳಲ್ಲ!" ಎಂದು ಬೆನ್ನು ಹತ್ತಿದವನಿಗೆ ಬೀದಿಯ ಮೂಲೆ ಮುಟ್ಟುವುದರಲ್ಲಿ ಏದುಸಿರು ಬಂತು. ಯಾರದೋ ಕಾಂಪೌಂಡು ಹಿಡಿದು ನಿಂತು, ಬಾಡಿಗೆ ಮನೆಯ ಬೋರ್ಡು ಓದುವವನಂತೆ ನಟಿಸಿದ. ತಲೆ ಎತ್ತುವುದರೊಳಗೆ ಹೆಂಡತಿ ಮಾಯ.

ಬಿಡುವ ಆಸಾಮಿಯೇ ಅವನು? ದಿನವೂ ಹಿಂದೆ ಬಿದ್ದ. ಒಂದು ದಿನ ಅವಳು ಗಂಗಾನಗರದ ಕಡೆ ತಿರುಗಿದರೆ, ಇನ್ನೊಂದು ದಿನ ದಿಣ್ಣೂರು ರಸ್ತೆಯ ಏರು ಹತ್ತುತ್ತಿದ್ದಳು. ದಾರಿಯಲ್ಲಿ ಟೀ ಅಂಗಡಿಯ ಪಿಳ್ಳಣ್ಣ, "ಏನ್ ಯಜಮಾನ್ರೇ, ದಿನಾ ವಾಕಿಂಗಾ? ಒಳ್ಳೇದು ಕಣ್ರೀ" ಅಂದ.

"ವಾಕಿಂಗ್ ಅಲ್ಲೋ ಮಾರಾಯಾ, ಬ್ಯಾರೆ ಕೆಲಸ ಐತಿ!" ಎಂದು ಸಿಡುಕಿ ಸಂಗಪ್ಪ ಮುಂದೆ ಹೋದ.

ಬೀದಿಗೆ ಅವರೆಕಾಯಿ ಗಾಡಿಗಳು ಬಂದವು, ಚಳಿ ಏರಿತು, ಅವನ ಪತ್ತೇದಾರಿ ನಿಲ್ಲಲಿಲ್ಲ. ಕಾಂಪೌಂಡು ಹಿಡಿದು ನಿಲ್ಲುವುದು ಎಂದು ತಪ್ಪಿತೋ ಅವನಿಗೇ ಗೊತ್ತಿಲ್ಲ. ಕಳ್ಳನನ್ನು ಹಿಡಿಯುವ ಭರದಲ್ಲಿದ್ದ ಪೊಲೀಸನಿಗೆ ತನ್ನ ಉಸಿರಿನ ಕಡೆ ಗಮನ ಎಲ್ಲಿರುತ್ತದೆ ಹೇಳಿ.

ಕೊನೆಗೂ ಒಂದು ಬೆಳಿಗ್ಗೆ ಅವಳ ಜಾಡು ತಪ್ಪಲಿಲ್ಲ. ಈರವ್ವ ಸುತ್ತಿ ಸುತ್ತಿ ಬಂದು ಪಾರ್ಕಿನೊಳಗೆ ಹೊಕ್ಕಳು. ಅಲ್ಲಿ ಏಳೆಂಟು ಮಂದಿ ವಯಸ್ಸಾದವರು, ನಡುವೆ ರೆಹಾನಾ. ಈರವ್ವ ಚೀಲವನ್ನು ಬೆಂಚಿನ ಮೇಲಿಟ್ಟದ್ದೇ ತಡ, ಸಂಗಪ್ಪ ಗೇಟಿನ ಹಳೇ ದನಿ ತೆಗೆದ.

"ಯಾರೂ ಹಂದಾಡಬ್ಯಾಡ್ರಿ! ಚೀಲ ಬಿಚ್ಚರಿ!"

ಬೆಂಚು ಹಿಡಿದು ಒಂಟಿಕಾಲಲ್ಲಿ ನಿಂತಿದ್ದ ಗಂಗರತ್ನಮ್ಮ ಬೆಚ್ಚಿಬಿದ್ದು ಕಾಲು ಕೆಳಗಿಟ್ಟರು. "ಅಯ್ಯೋ ಶಿವನೇ, ಯಾರ್ರೀ ಇವ್ರು?"

"ನಮ್ಮ ಮನಿಯವರು," ಎಂದಳು ಈರವ್ವ, ಬಾಯಿಗೆ ಸೆರಗು ಅಡ್ಡ ಹಿಡಿದು. "ಬಿಚ್ಚಿ ನೋಡ್ರಿ. ನಾ ಬ್ಯಾಡ ಅಂದೇನೇನು?"

ಸಂಗಪ್ಪ ಚೀಲಕ್ಕೆ ಕೈಹಾಕಿದ. ಡಬ್ಬಿ ಇರಲಿಲ್ಲ, ಪುಡಿ ಇರಲಿಲ್ಲ. ನೀರಿನ ಬಾಟಲಿ, ಒಂದು ಜೊತೆ ಕಾಲುಚೀಲ, ಮತ್ತು ಅವನದೇ ಕ್ಯಾನ್ವಾಸ್ ಬೂಟು. ಪಾದಯಾತ್ರೆಗೆ ಹಾಕುತ್ತಿದ್ದ ಬೂಟು. ಒಗೆದು, ಹೊಸ ಲೇಸು ಕಟ್ಟಿತ್ತು.

"ಇವು ನನ್ನವು..."

"ನಿಮ್ಮವ. ದಿನಾ ಹೊತ್ಕೊಂಡು ಬರ್ತೇನಿ, ಇವತ್ತರ ಪಾರ್ಕಿನೊಳಗ ಬರ್ತೀರಿ ಅಂತ. ಕರದ್ರ ಬರೂ ಮನಶ್ಯಾ ನೀವಲ್ಲ. ಅನುಮಾನ ಬಂದ್ರ ಓಡಿ ಬರ್ತೀರಿ. ಅದಕ್ಕ ಅನುಮಾನಾನ ಹುಟ್ಟಿಸಿದೆ."

ಸಂಗಪ್ಪನಿಗೆ ನಾಚಿಕೆಯೂ ಆಯಿತು, ಸಿಟ್ಟೂ ಬಂತು. ಒಗೆದ ಬೂಟನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದ.

ರೆಹಾನಾ ಹತ್ತಿರ ಬಂದಳು. "ಬೇಜಾರ್ ಮಾಡ್ಕೋಬೇಡಿ ಅಂಕಲ್. ಆಂಟಿ ಮೂಲೆ ಮೂಲೆಗೆ ನಿಂತು ನಿಮ್ಮನ್ನ ನೋಡ್ಕೊಂಡೇ ಹೋಗ್ತಿದ್ರು. ದಾರೀನ ಸ್ವಲ್ಪ ಸ್ವಲ್ಪನೇ ಉದ್ದ ಮಾಡಿ ಅಂತ ಹೇಳಿದ್ದು ನಾನು. ಒಂದ್ಸಲ ಬೆಂಚ್ ಮೇಲೆ ಕೂತ್ಕೊಂಡು, ಕೈ ಊರದೆ ಎದ್ದೇಳಿ ನೋಡೋಣ."

"ಆಗೂದಿಲ್ಲ ತಂಗಿ" ಎನ್ನುತ್ತಲೇ ಕೂತ. ಎದ್ದ. ಮತ್ತೆ ಕೂತು ಮತ್ತೆ ಎದ್ದ. ತನ್ನ ತೊಡೆಯನ್ನು ತಾನೇ ಮುಟ್ಟಿ ನೋಡಿಕೊಂಡ. "ಅರೇ! ಇದೆಂಗಾತು?"

"ನಡೆದ್ರಲ್ಲ, ಅದಕ್ಕೇ. ಈಗ ಬೆಂಚ್ ಹಿಡ್ಕೊಂಡು ಒಂದು ಕಾಲೆತ್ತಿ."

ಕಾಲೆತ್ತಿದವನು ತೂರಾಡಿಬಿಟ್ಟ. ಈರವ್ವ ತೋಳು ಹಿಡಿದಳು.

"ನೋಡಿದ್ರಾ? ಬರೀ ನಡಿಗೆ ಸಾಲಲ್ಲ ಅಂಕಲ್. ಕಾಡುದಾರೀಲಿ ಕಲ್ಲು ಜಾರುತ್ತೆ, ಬ್ಯಾಲೆನ್ಸ್ ಬೇಕು. ಏರು ಹತ್ತಕ್ಕೆ ತೊಡೇಲಿ ಶಕ್ತಿ ಬೇಕು. ವಯಸ್ಸಾದ್ಮೇಲೆ ಎರಡೂ ಕಮ್ಮಿ ಆಗ್ತಾ ಹೋಗುತ್ತೆ. ಕೆಲಸ ಕೊಟ್ರೆ ಎಷ್ಟೋ ಮಟ್ಟಿಗೆ ವಾಪಸ್ ಬರುತ್ತೆ. ವಾರಕ್ಕೆ ಎರಡು ಮೂರು ದಿನ ಹೀಗೆ ಕೂತು ಏಳೋದು, ಮೆಟ್ಟಿಲು ಹತ್ತೋದು, ಒಂಟಿಕಾಲಲ್ಲಿ ನಿಲ್ಲೋದು ಮಾಡಿ. ಮಿಕ್ಕ ದಿನ ನಡೀರಿ. ನಡೀತಾ ಮಾತಾಡಕ್ಕಾಗ್ಬೇಕು. ಮಾತಾಡಕ್ಕೂ ಉಸಿರು ಸಾಲ್ದಿದ್ರೆ ನಿಧಾನ ಮಾಡಿ. ಎದೆನೋವು, ತಲೆಸುತ್ತು ಬಂದ್ರೆ ಅಲ್ಲೇ ನಿಲ್ಸಿ, ಡಾಕ್ಟರ್ ಹತ್ರ ಹೋಗಿ."

ಸಂಗಪ್ಪ ಇನ್ನೂ ಪೂರ್ತಿ ಸೋತಿರಲಿಲ್ಲ. "ಎಲ್ಲಾ ಖರೆ ತಂಗಿ. ಇದರಾಗ ನಿನಗೇನು ಲಾಭ?"

ರೆಹಾನಾ ಬೆಂಚಿನ ತುದಿಯಲ್ಲಿ ಕೂತಳು. "ನಮ್ಮ ಅಬ್ಬಾನೂ ರಿಟೈರ್ ಆದ್ಮೇಲೆ ಕೂತೇ ಇದ್ರು ಅಂಕಲ್. ಬಾತ್‌ರೂಮಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರೀತು, ಆಮೇಲೆ ಏಳ್ಲೇ ಇಲ್ಲ. ಆಸ್ಪತ್ರೇಲಿ ಎಲ್ರಿಗೂ ವ್ಯಾಯಾಮ ಹೇಳಿಕೊಡ್ತಿದ್ದೆ. ಮನೇಲಿ ಅವ್ರಿಗೆ ಹೇಳಕ್ಕೆ ನಂಗೆ ಪುರುಸೊತ್ತಿರ್ಲಿಲ್ಲ."

ಸಂಗಪ್ಪ ತಲೆ ತಗ್ಗಿಸಿದ. ಆಮೇಲೆ ಬೆಂಚಿನ ಮೇಲೆ ಕೂತು, ಬೂಟು ಹಾಕಿಕೊಂಡು ಲೇಸು ಕಟ್ಟಿದ.

"ದೇವರ ದಾರಿಗೆ ಪ್ರಾಕ್ಟೀಸ್ ಮಾಡಬಾರದು ಅಂತಿದ್ರಿ?" ಈರವ್ವ ಕೆಣಕಿದಳು.

"ಸುಮ್ನಿರಲೇ. ದಾರಿ ಮಲ್ಲಯ್ಯಂದು, ಕಾಲು ನಂದು. ಯುದ್ಧದ ಹೊತ್ತಿಗೆ ಶಸ್ತ್ರಾಭ್ಯಾಸ ಮಾಡಾಕ ಹೋಗಿ ಟೆಂಪೋ ಹತ್ತೇನಿ, ಸಾಕಾತು."

ಯುಗಾದಿಗೆ ಮುಂಚೆ ಗಂಡ ಹೆಂಡತಿ ಇಬ್ಬರೂ ಊರಿಗೆ ಹೋದರು. ಈಗ ಅನುಮಾನ ಪಡುವ ಸರದಿ ಶಿವಪುತ್ರನದು. "ಊರಿನ ಗುಡ್ಡ ಹತ್ತಿ ತೋರಸು, ಆಮ್ಯಾಲ ಕಂಬಿ ಮಾತು" ಅಂದ. ಸಂಗಪ್ಪ ಬೆಂಗಳೂರಿನ ಅವರೆಕಾಯಿಯ ಸುದ್ದಿ ಹೇಳುತ್ತಲೇ ಗುಡ್ಡ ಹತ್ತಿದ. ಮೇಲೆ ಮುಟ್ಟಿದಾಗ ಉಸಿರು ಸಾಲದೆ ಮಾತು ನಿಂತದ್ದು ಶಿವಪುತ್ರನದೇ. ಕಂಬಿ ಸಂಗಪ್ಪನ ಹೆಗಲಿಗೆ ಬಂತು.

ಶ್ರೀಶೈಲದ ಕಾಡುದಾರಿಯಲ್ಲಿರುವ ಭೀಮನಕೊಳ್ಳದ ಏರನ್ನು ಅವನು ಕೂತು, ನಿಂತು, ನೀರು ಕುಡಿದು, ತನ್ನ ಕಾಲಲ್ಲೇ ಹತ್ತಿದ. ಈರವ್ವ ಜೀವನದಲ್ಲಿ ಮೊದಲ ಸಲ ಆ ದಾರಿ ನಡೆದಿದ್ದಳು, ಅವನಿಗಿಂತ ಮುಂಚೆಯೇ ಮೇಲೆ ಮುಟ್ಟಿ ಕೈ ಚಾಚಿದ್ದಳು. ಸಂಗಪ್ಪ ನಾಲ್ಕು ಜನರೆದುರು ಸಣ್ಣ ಹುಡುಗನ ಹಾಗೆ ಅತ್ತುಬಿಟ್ಟ.

ಅಣ್ಣಂದಿರೇ, ಅಕ್ಕಂದಿರೇ, ನಿಮಗೂ ಒಂದು ಆಸೆ ಇರುತ್ತದೆ. ಬೆಟ್ಟ ಹತ್ತುವುದೋ, ಹೊಲದ ಬದುವಿನ ಮೇಲೆ ಓಡಾಡುವುದೋ, ಹೆಸರಘಟ್ಟದ ಬಯಲಿನಲ್ಲಿ ಮೊಮ್ಮಕ್ಕಳ ಹಿಂದೆ ಓಡುವುದೋ. ವಯಸ್ಸಾಯಿತೆಂದು ಅದನ್ನು ಬಿಟ್ಟುಕೊಡಬೇಡಿ. ಬಿಪಿ, ಸಕ್ಕರೆ, ಎದೆಯ ತೊಂದರೆ ಇದ್ದರೆ ಮೊದಲು ಡಾಕ್ಟರನ್ನು ಕೇಳಿ. ಸಕ್ಕರೆ ಇರುವವರು ಬರಿಗಾಲಲ್ಲಿ ನಡೆಯಬೇಡಿ, ದಿನವೂ ಪಾದ ನೋಡಿಕೊಳ್ಳಿ. ಆಮೇಲೆ ಸ್ವಲ್ಪದಿಂದ ಶುರು ಮಾಡಿ ನಿಧಾನಕ್ಕೆ ಹೆಚ್ಚಿಸಿ. ಬೆನ್ನು ಹತ್ತಿಸಿಕೊಂಡು ಹೋಗುವ ಈರವ್ವ ಎಲ್ಲರ ಮನೆಯಲ್ಲೂ ಇರುವುದಿಲ್ಲ. ನಾಳೆ ಬೆಳಿಗ್ಗೆ ಬಾಗಿಲು ನೀವೇ ತೆಗೆಯಿರಿ.